ಶಿಶುಪಾಲನೆ: ಲೋಕದ ನೆರವೂ ನಮ್ಮ ನೆರೆಹೊರೆಯೂ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಜಾಲಹಳ್ಳಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ಸಂಕಟದಲ್ಲಿರುವ ಮಕ್ಕಳಿಗಾಗಿ ಲೋಕದ ರಾಷ್ಟ್ರಗಳು ಕೈಗೊಂಡ ಕಾರ್ಯವನ್ನು ಕುರಿತು ಮಾತನಾಡಬೇಕೆಂದು ಉತ್ಸವ ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ವಿಷಯ ಸಮುದ್ರದಷ್ಟು ದೊಡ್ಡದು. ಕೊಟ್ಟಿರುವ ಕಾಲ ಮುಕ್ಕಾಲು ಗಂಟೆ. ಅದರ ಮೇಲೆ ಹೊರಗಿನ ಚಪ್ಪರದಲ್ಲಿ ಊಟದ ಎಲೆ ಹಾಕುತ್ತಿರುವ ಸದ್ದೂ ಕೇಳಿಸುತ್ತಿದೆ. ಆದುದರಿಂದ ಒಂದೇ ಪ್ರಶ್ನೆಯನ್ನು ಹಿಡಿದು ಹೋಗೋಣ. ಬರ, ಯುದ್ಧ, ರೋಗಗಳು ಬಂದಾಗ ಹೊರನಾಡುಗಳಿಂದ ಬಂದ ನೆರವು ನಮ್ಮ ನಾಡಿನ ಮಕ್ಕಳಲ್ಲಿ ಯಾವ ವಯಸ್ಸಿನವರನ್ನು ಮುಟ್ಟಿತು, ಯಾವ ವಯಸ್ಸಿನವರನ್ನು ಮುಟ್ಟದೆ ಹೋಯಿತು? ಈ ಪ್ರಶ್ನೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಅದನ್ನು ಕಡೆಯಲ್ಲಿ ತಿಳಿಸುತ್ತೇವೆ.

ನಮ್ಮ ದೇವಾಲಯಕ್ಕೆ ಅಡಿಗಲ್ಲು ಬೀಳುವ ಸುಮಾರು ಅರ್ಧ ಶತಮಾನದ ಮೊದಲು ಮೈಸೂರು ಸೀಮೆಯನ್ನು ಮಹಾಕ್ಷಾಮವೊಂದು ಕವಿಯಿತು. ಧಾತು, ಈಶ್ವರ ಸಂವತ್ಸರಗಳ ಆ ಬರದ ಮಾತನ್ನು ನಮ್ಮ ಹಿರಿಯರು ಅವರ ಹಿರಿಯರಿಂದ ಕೇಳಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷವನ್ನು ಮೀರಿತ್ತು. 1881ರಲ್ಲಿ ಎಣಿಸಿದಾಗ ನಲವತ್ತೆರಡು ಲಕ್ಷವೂ ತುಂಬಲಿಲ್ಲ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. 1877ರಲ್ಲಿ ಲಂಡನ್ ನಗರದ ಮೇಯರರು ತೆರೆದ ಪರಿಹಾರನಿಧಿಗೆ ಲಕ್ಷಗಟ್ಟಲೆ ಪೌಂಡು ಹಣ ಬಂದು, ಮದರಾಸಿನ ಸಮಿತಿಯ ಮೂಲಕ ಮೈಸೂರು ಸೀಮೆಗೂ ತಲಪಿತು. ಕಥೋಲಿಕರೂ ಪ್ರೊಟೆಸ್ಟೆಂಟರೂ ಆದ ಮಿಶನರಿಗಳು ಅನಾಥ ಮಕ್ಕಳನ್ನು ಕೂಡಿಸಿ ಸಾಕಿದರು. ಫ್ರಾನ್ಸಿನಲ್ಲಿ 1843ರಲ್ಲಿ ನಾನ್ಸಿಯ ಧರ್ಮಾಧ್ಯಕ್ಷರಾದ ಫೋರ್ಬಾಂ ಜಾನ್ಸಾಂ ಅವರು ಸ್ಥಾಪಿಸಿದ ಪವಿತ್ರ ಬಾಲ್ಯದ ಸಂಘವೆಂಬುದೊಂದಿತ್ತು. ಅದರ ಸದಸ್ಯರು ಮಕ್ಕಳೇ. ತಿಂಗಳಿಗೊಂದು ಬಿಡಿಕಾಸು, ದಿನಕ್ಕೊಂದು ನಮೋ ಮರಿಯಾ, ಇಷ್ಟೇ ಚಂದಾ. ಮಕ್ಕಳು ಮಕ್ಕಳಿಗೆ ಕೊಟ್ಟ ಆ ಕಾಸುಗಳು ಕೂಡಿ ಮಿಶನ್ ನಾಡುಗಳ ಅನಾಥಾಲಯಗಳನ್ನು ನಡೆಸಿದವು.

ಹಸಿದ ಮಗುವಿಗೆ ಅನ್ನದ ಜೊತೆಯಲ್ಲಿ ಸ್ನಾನದೀಕ್ಷೆಯನ್ನೂ ಕೊಟ್ಟರೆಂಬ ಆಕ್ಷೇಪಣೆ ಆ ಕಾಲದಿಂದಲೂ ಇದೆ. ಅದನ್ನು ಮುಚ್ಚಿಡುವ ಅಗತ್ಯವನ್ನು ನಾವು ಕಾಣೆವು. ಅಂದಿನವರ ದೃಷ್ಟಿ ಅಂದಿನದು. ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು ಬೇರೊಂದು ಸಂಗತಿ. ಗಂಜಿಕೇಂದ್ರಕ್ಕಾಗಲಿ ಅನಾಥಾಲಯಕ್ಕಾಗಲಿ ಬಂದು ಸೇರಬಲ್ಲವರು ನಡೆಯಬಲ್ಲ ಮಕ್ಕಳು. ತಾಯಿಯ ಎದೆಯಲ್ಲಿ ಹಾಲು ಬತ್ತಿದಾಗ ಮಡಿಲಲ್ಲೇ ಕಣ್ಣು ಮುಚ್ಚಿದ ಕೂಸುಗಳಿಗೆ ಲಂಡನ್ನಿನ ಹಣ ತಲಪುವ ದಾರಿಯೇ ಇರಲಿಲ್ಲ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಎಗ್ಲಂಟೈನ್ ಜೆಬ್ ಎಂಬ ಮಹಿಳೆ ಕರಪತ್ರ ಹಂಚಿದ್ದಕ್ಕಾಗಿ ಬಂಧನಕ್ಕೊಳಗಾದರು. ಕರಪತ್ರದಲ್ಲಿದ್ದುದು ಆಸ್ಟ್ರಿಯಾದ ಹಸಿದ ಮಕ್ಕಳ ಚಿತ್ರ. ಸೋತ ಶತ್ರುವಿನ ಮಕ್ಕಳು ಅವು. ಗೆದ್ದ ದೇಶದವರ ದಿಗ್ಬಂಧನದಿಂದಲೇ ಹಸಿದವು. ನ್ಯಾಯಾಲಯ ಆಕೆಗೆ ಐದು ಪೌಂಡು ದಂಡ ಹಾಕಿತು. ವಾದ ಮುಗಿದ ಮೇಲೆ ಸರಕಾರದ ಪರವಾಗಿ ವಾದಿಸಿದ್ದ ವಕೀಲರೇ ಆ ಐದು ಪೌಂಡನ್ನು ಕೊಡಲು ಮುಂದೆ ಬಂದರು. ಅದೇ ವರ್ಷ ಆಕೆಯೂ ಆಕೆಯ ಸೋದರಿಯೂ ಸೇರಿ 'ಸೇವ್ ದಿ ಚಿಲ್ಡ್ರನ್' ನಿಧಿಯನ್ನು ಸ್ಥಾಪಿಸಿದರು. ಜೆಬ್ ಕಥೋಲಿಕರಲ್ಲ. ಆದರೂ ಅವರು ರೋಮಿಗೆ ಹೋಗಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರನ್ನು ಕಂಡರು. ಜಗದ್ಗುರುಗಳು 1919ರ ನವೆಂಬರಿನಲ್ಲಿ ವಿಶ್ವಪತ್ರವೊಂದನ್ನು ಹೊರಡಿಸಿ, ಡಿಸೆಂಬರ್ 28ರಂದು, ಹೆರೋದನ ಕತ್ತಿಗೆ ಬಲಿಯಾದ ಬೆತ್ಲೆಹೇಮಿನ ಕೂಸುಗಳ ಹಬ್ಬದ ದಿನ, ಲೋಕದ ಎಲ್ಲ ಕಥೋಲಿಕ ದೇವಾಲಯಗಳಲ್ಲೂ ಹಸಿದ ಮಕ್ಕಳಿಗಾಗಿ ಕಾಣಿಕೆ ಎತ್ತಬೇಕೆಂದು ವಿಧಿಸಿದರು. ಮರುವರ್ಷದ ಪತ್ರದಲ್ಲಿ ಆ ನಿಧಿಯ ಹೆಸರನ್ನೇ ಹೇಳಿ ಶ್ಲಾಘಿಸಿದರು. ಜೆಬ್ ಬರೆದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಸಂಘವು ಜಿನೀವದಲ್ಲಿ ಅಂಗೀಕರಿಸಿತು. ಆ ಘೋಷಣೆ ನಮ್ಮ ದೇವಾಲಯದ ಓರಗೆಯದು ಎನ್ನಬಹುದು. ವಿಪತ್ತು ಬಂದಾಗ ನೆರವು ಮೊದಲು ಮಗುವಿಗೆ ಸಲ್ಲಬೇಕು ಎಂಬುದು ಅದರ ಐದು ಸಣ್ಣ ಅಂಶಗಳಲ್ಲೊಂದು.

ಎರಡನೆಯ ಮಹಾಯುದ್ಧ ನಮ್ಮ ಊರಿನ ಬಾಗಿಲಿಗೇ ಬಂತು. ಆಗ ಬೆಂಗಳೂರಿನ ಸುತ್ತ ಇಟಲಿಯ ಯುದ್ಧಕೈದಿಗಳ ಶಿಬಿರಗಳಿದ್ದುದು, ಜಾಲಹಳ್ಳಿಯಲ್ಲಿಯೂ ಅವರನ್ನು ಇರಿಸಿದ್ದುದು ಇಲ್ಲಿಯ ಹಳಬರಿಗೆ ಗೊತ್ತು. ಅದೇ ಯುದ್ಧದಿಂದಾಗಿ ಮತ್ತೊಬ್ಬ ಇಟಲಿಯವರು ಭಾರತದಲ್ಲಿ ಸಿಲುಕಿಕೊಂಡರು. ಅವರೇ ಡಾಕ್ಟರ್ ಮರಿಯಾ ಮಾಂಟೆಸರಿ. 1939ರಲ್ಲಿ ಉಪಾಧ್ಯಾಯರಿಗೆ ಶಿಕ್ಷಣ ಕೊಡಲೆಂದು ಮದರಾಸಿನ ಅಡಯಾರಿಗೆ ಬಂದವರು, 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಶತ್ರುದೇಶದ ಪ್ರಜೆಯಾಗಿಬಿಟ್ಟರು. ಮಗನನ್ನು ಸರಕಾರ ಕೆಲಕಾಲ ಸೆರೆಯಲ್ಲಿಟ್ಟಿತು. ಅವರು ಅಡಯಾರಿನಲ್ಲಿಯೂ ಕೊಡೈಕನಾಲಿನಲ್ಲಿಯೂ ಇದ್ದುಕೊಂಡು ನಮ್ಮ ನಾಡಿನ ತಾಯಂದಿರನ್ನೂ ಕೂಸುಗಳನ್ನೂ ನೋಡುತ್ತ, ಕಲಿಸುತ್ತ 1946ರವರೆಗೆ ಕಳೆದರು. ಹುಟ್ಟಿದ ಗಳಿಗೆಯಿಂದ ಆರನೆಯ ವರ್ಷದವರೆಗೆ ಮಗು ತನ್ನ ಸುತ್ತಲಿನದನ್ನೆಲ್ಲ ಹೀರಿಕೊಳ್ಳುತ್ತದೆ, ಶಿಕ್ಷಣ ಹುಟ್ಟಿನಿಂದಲೇ ಆರಂಭವಾಗುತ್ತದೆ ಎಂಬ ಅವರ ವಿಚಾರ ಬಲಿತದ್ದು ಭಾರತದಲ್ಲಿದ್ದ ಆ ವರ್ಷಗಳಲ್ಲಿ. ಕಥೋಲಿಕ ಮನೆತನದ ಈ ಹೆಂಗಸಿನ ಮಾತನ್ನು ನಮ್ಮ ಶಾಲೆಗಳು ಫಲಕದ ಮೇಲಿನ ಹೆಸರಾಗಿ ಉಪಯೋಗಿಸಿಕೊಂಡಷ್ಟು ಬೇರೆ ರೀತಿಯಲ್ಲಿ ಉಪಯೋಗಿಸಿಕೊಂಡಿಲ್ಲವೆಂದು ನಮ್ಮ ಅಭಿಪ್ರಾಯ. ಅದು ಬೇರೆ ಮಾತು, ಇರಲಿ.

ಯುದ್ಧ ಮುಗಿದು, 1946ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯು ಮಕ್ಕಳ ತುರ್ತುನಿಧಿಯೊಂದನ್ನು ಸ್ಥಾಪಿಸಿತು. ನಾವೆಲ್ಲ ಯುನಿಸೆಫ್ ಎಂದು ಬಲ್ಲ ಸಂಸ್ಥೆ ಇದೇ. ಯುದ್ಧದಲ್ಲಿ ನೊಂದ ಮಕ್ಕಳಿಗೆ ಕೆಲಕಾಲ ಹಾಲು ಬಟ್ಟೆ ಕೊಟ್ಟು ಮುಚ್ಚಿಬಿಡಬೇಕೆಂಬುದು ಮೊದಲಿನ ಏರ್ಪಾಡು. ಹಸಿವಿಗೆ ಯುದ್ಧವೇ ಬೇಕಾಗಿಲ್ಲವೆಂಬುದು ಸ್ಪಷ್ಟವಾಗಿ 1953ರಲ್ಲಿ ಅದು ಶಾಶ್ವತ ಸಂಸ್ಥೆಯಾಯಿತು. ಭಾರತದಲ್ಲಿ ಅದರ ಕೆಲಸ 1949ರಲ್ಲಿ ಆರಂಭವಾಯಿತು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ರೂಪುಗೊಂಡಾಗ ವಿಶ್ವ ಆರೋಗ್ಯ ಸಂಸ್ಥೆಯೊಡನೆ ಯುನಿಸೆಫ್ ಕೈಜೋಡಿಸಿತು. 1965ರಲ್ಲಿ ಹೊಸೂರು ರಸ್ತೆಯಲ್ಲಿ ಬೆಂಗಳೂರು ಡೈರಿ ಎದ್ದು ನಿಂತುದರಲ್ಲಿಯೂ ಅದರ ಸಹಾಯವಿತ್ತು. ಆ ವರ್ಷವೇ ಅದಕ್ಕೆ ನೊಬೆಲ್ ಶಾಂತಿ ಪಾರಿತೋಷಕ ಬಂದಿತು.

ಈಗ ನಮ್ಮ ಓರಗೆಯವರೆಲ್ಲ ನಗುವ ಪ್ರಸಂಗಕ್ಕೆ ಬರೋಣ. ಉಪ್ಪಿಟ್ಟು! ಅರವತ್ತು, ಎಪ್ಪತ್ತರ ದಶಕಗಳಲ್ಲಿ ಮೈಸೂರು ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಓದಿದವರಿಗೆ ಅಮೆರಿಕದ 'ಕೇರ್' ಸಂಸ್ಥೆಯ ಗೋಧಿನುಚ್ಚಿನ ಉಪ್ಪಿಟ್ಟಿನ ವಾಸನೆ ಇಂದಿಗೂ ಮೂಗಿನಲ್ಲಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ಕಥೋಲಿಕ ಪರಿಹಾರ ಸಂಸ್ಥೆಯ ಹಾಲಿನಪುಡಿ, ಹಳದಿ ಜೋಳದ ಹಿಟ್ಟು, ಎಣ್ಣೆ ಇವು ಗುರುಮಠದ ಹಿಂದಿನ ಕೊಠಡಿಯಲ್ಲಿರುತ್ತಿದ್ದವು. ಎಣ್ಣೆಯ ಡಬ್ಬದ ಮೇಲೆ ಎರಡು ಕೈಗಳು ಕುಲುಕುತ್ತಿರುವ ಚಿತ್ರ. ಎಣ್ಣೆ ಮುಗಿದ ಮೇಲೆ ಆ ಡಬ್ಬ ಮನೆಮನೆಯಲ್ಲೂ ರಾಗಿ ತುಂಬಲು, ನೀರು ಸೇದಲು, ಕಡೆಗೆ ತುಳಸಿಯನ್ನೋ ಗುಲಾಬಿಯನ್ನೋ ನೆಡಲು ಬಳಕೆಯಾಯಿತು. 'ಹಾಲಿನಪುಡಿ ಕ್ರೈಸ್ತರು' ಎಂದು ನಮ್ಮವರನ್ನು ಛೇಡಿಸಿದವರೂ ಇದ್ದರು. ಛೇಡಿಸಿದವರ ಮಕ್ಕಳೂ ಅದೇ ಸಾಲಿನಲ್ಲಿ ಲೋಟ ಹಿಡಿದು ನಿಂತದ್ದನ್ನು ನಾವು ಬಲ್ಲೆವು.

ಆ ಉಪ್ಪಿಟ್ಟನ್ನು ನಾವು ಹೀಗಳೆಯಲಾರೆವು. ಅದರ ಆಸೆಗೆ ಶಾಲೆಗೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಆದರೆ ಎರಡು ಕುಂದುಗಳನ್ನು ಹೇಳದೆ ಬಿಡುವಂತಿಲ್ಲ. ಕೆನೆ ತೆಗೆದ ಹಾಲಿನಪುಡಿಯಲ್ಲಿ ಎ ಜೀವಸತ್ವ ಇರುವುದಿಲ್ಲ. ಆ ಜೀವಸತ್ವದ ಕೊರತೆಯಿಂದಲೇ ಇರುಳುಗಣ್ಣು ಬರುತ್ತದೆ, ಕೂಸುಗಳ ಕಣ್ಣೇ ಹೋಗುತ್ತದೆ. ಕಣ್ಣಿನ ಕೇಡು ಬಯಲಾದ ಮೇಲೆಯೇ ಆ ಸತ್ವವನ್ನು ಬೆರೆಸಿದ ಪುಡಿಯನ್ನು ಕಳುಹಿಸುವ ಏರ್ಪಾಡಾಯಿತು. ಇನ್ನೊಂದು ಕುಂದು ಇದಕ್ಕಿಂತ ದೊಡ್ಡದು. ಮೂಟೆ ಬಂದು ಇಳಿಯುತ್ತಿದ್ದುದು ಶಾಲೆಯ ಬಾಗಿಲಲ್ಲಿ. ಶಾಲೆಗೆ ಬರುವ ಮಗುವಿಗೆ ಆರು ವರ್ಷ. ಮಗು ತನ್ನ ಮೊದಲನೆಯ ಹುಟ್ಟುಹಬ್ಬದ ಹೊತ್ತಿಗೆ ಹುಟ್ಟಿದಾಗಿನ ತೂಕದ ಮೂರರಷ್ಟಾಗಬೇಕು; ಕುಳ್ಳಾಗಿ ಉಳಿಯುವ ಮಗು ಬಹುಮಟ್ಟಿಗೆ ಎರಡನೆಯ ವರ್ಷದೊಳಗೇ ಹಿಂದೆ ಬಿದ್ದಿರುತ್ತದೆ. ಧಾತು ಈಶ್ವರದ ಗಂಜಿಕೇಂದ್ರಕ್ಕೂ ಶಾಲೆಯ ಉಪ್ಪಿಟ್ಟಿನ ಹಂಡೆಗೂ ನಡುವೆ ತೊಂಬತ್ತು ವರ್ಷ ಕಳೆದಿದ್ದರೂ, ನಡೆದು ಬರಲಾರದ ಕೂಸಿಗೆ ಎರಡೂ ದೂರವೇ.

ತೊಟ್ಟಿಲಿನ ಕಡೆಗೆ ಮೊದಲ ಹೆಜ್ಜೆ ಬಿದ್ದದ್ದು 1975ರ ಅಕ್ಟೋಬರ್ 2ರಂದು. ಆ ದಿನ ಭಾರತ ಸರಕಾರವು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ನೂರು ಅಂಗನವಾಡಿಗಳು ತೆರೆದವು. ಯುನಿಸೆಫ್ ವಾಹನ, ತಕ್ಕಡಿ, ಔಷಧಿ, ತರಬೇತಿ ಇವುಗಳನ್ನು ಒದಗಿಸಿತು. ಯೋಜನೆ ಮಾತ್ರ ನಮ್ಮ ದೇಶದ್ದೇ. ಅದರ ಹೊಸತನವಿದ್ದುದು ವಯಸ್ಸಿನಲ್ಲಿ: ಗರ್ಭಿಣಿ, ಬಾಣಂತಿ, ಹುಟ್ಟಿದ ಕೂಸಿನಿಂದ ಆರು ವರ್ಷದ ಮಗು, ಇವರೆಲ್ಲ ಒಬ್ಬಳೇ ಕಾರ್ಯಕರ್ತೆಯ ಪಟ್ಟಿಯೊಳಗೆ ಬಂದರು. ಆಕೆ ಅದೇ ಊರಿನವಳು. ಯಾರ ಮನೆಯಲ್ಲಿ ಹೆರಿಗೆಯಾಗಿದೆ, ಯಾರ ಕೂಸು ಹಾಲು ಕುಡಿಯುತ್ತಿಲ್ಲ, ಯಾರ ಗಂಡ ಕೂಲಿಯನ್ನೆಲ್ಲ ಕುಡಿದು ಬರುತ್ತಾನೆ ಎಂಬುದನ್ನು ಆಕೆಗೆ ಯಾವ ಜಿನೀವದವರೂ ಹೇಳಿಕೊಡಬೇಕಾಗಿಲ್ಲ. ತಿಂಗಳಿಗೊಮ್ಮೆ ಕೂಸನ್ನು ತೂಗಿ ಪಟ್ಟಿಯಲ್ಲಿ ಚುಕ್ಕೆ ಹಾಕುವುದು, ಲಸಿಕೆಯ ದಿನ ಮನೆಮನೆಯಿಂದ ಹೊರಡಿಸಿಕೊಂಡು ಬರುವುದು, ಮೂರು ದಾಟಿದವರನ್ನು ಕೂಡಿಸಿ ಹಾಡು ಕಥೆ ಹೇಳುವುದು ಆಕೆಯ ಕೆಲಸ. ಇಂದು ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆಕೆಗೆ ಕೊಡುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನವೆನ್ನುತ್ತಾರೆ. ಗೌರವವೂ ಧನವೂ ಎರಡೂ ಸಾಲದೆ ಆಕೆ ಬೆಂಗಳೂರಿನ ಬೀದಿಯಲ್ಲಿ ಧರಣಿ ಕೂರುವುದನ್ನು ನೀವು ಕಂಡಿದ್ದೀರಿ. ಇವರಿಗೆ ಗ್ರಾಚ್ಯುಯಿಟಿಯ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2022ರಲ್ಲಿ, ಯೋಜನೆ ಹುಟ್ಟಿ ನಲವತ್ತಾರು ವರ್ಷ ತುಂಬಿದ ಮೇಲೆ.

ಇದೇ ಪಾಠವನ್ನು ಬಂಗಾಳದ ಗಡಿಯೂ ಕಲಿಸಿತ್ತು. 1971ರಲ್ಲಿ ಬಾಂಗ್ಲಾದೇಶದಿಂದ ಬಂದ ನಿರಾಶ್ರಿತರ ಬೊನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಹಾಕುವ ದ್ರವ ಮುಗಿಯುತ್ತ ಬಂದಾಗ ಡಾಕ್ಟರ್ ದಿಲೀಪ್ ಮಹಲನೊಬೀಸ್ ಅವರು ಉಪ್ಪು, ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಕದಡಿ ಪೀಪಾಯಿಗಳಲ್ಲಿ ತುಂಬಿಸಿಟ್ಟರು. ಲೋಟದಲ್ಲಿ ಮೊಗೆದು ಕುಡಿಸಿದವರು ತಾಯಂದಿರು, ಅಕ್ಕಂದಿರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತಲೂ ಕೆಳಗಿಳಿಯಿತು. ನಮ್ಮ ಅಂಗನವಾಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣದ ವಂಶ ಅದೇ.

ಅಂತರರಾಷ್ಟ್ರೀಯ ಒಪ್ಪಂದಗಳ ಪಟ್ಟಿಯನ್ನು ಓದಿ ನಿಮ್ಮ ತಾಳ್ಮೆಯನ್ನು ಪರೀಕ್ಷಿಸೆವು. 1979 ಮಕ್ಕಳ ವರ್ಷವಾಯಿತು. 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಯಾಯಿತು, ಭಾರತ 1992ರಲ್ಲಿ ಅದನ್ನು ಸೇರಿತು. ಇತ್ತೀಚಿನದಾದ ಒಂದನ್ನು ಮಾತ್ರ ಹೇಳಬೇಕು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವಬ್ಯಾಂಕುಗಳು ಸೇರಿ ಹೊರಡಿಸಿದ ಕೈಪಿಡಿಯೊಂದು, ಕೂಸಿಗೆ ಆರೋಗ್ಯವೂ ಆಹಾರವೂ ಇದ್ದರೆ ಸಾಲದೆಂದಿತು. ಅಪಾಯವಿಲ್ಲದ ತಾವು ಬೇಕು, ಕಲಿಯುವ ಆಟ ಬೇಕು, ಅದು ಅತ್ತಾಗ ತಿರುಗಿ ನೋಡಿ ತೊದಲಿಗೆ ತೊದಲು ಕೊಡುವ ಮನುಷ್ಯರು ಬೇಕು ಎಂದಿತು. ನಮ್ಮ ಅಜ್ಜಿಯರು ಇದಕ್ಕೆ ನಕ್ಕುಬಿಡುತ್ತಿದ್ದರು. ಆದರೆ ಸಂಕಟದ ನಾಡಿಗೆ ಮೂಟೆಯನ್ನು ಮಾತ್ರ ಕಳುಹಿಸುತ್ತಿದ್ದ ಲೋಕ ಈ ಮಾತಿಗೆ ಬರಲು ನೂರು ವರ್ಷ ಹಿಡಿಯಿತು. 2017ರಲ್ಲಿ ಅಮೆರಿಕದ ಧರ್ಮನಿಧಿಯೊಂದು ಸಿರಿಯಾದ ನಿರಾಶ್ರಿತ ಮಕ್ಕಳಿಗಾಗಿ ಹತ್ತು ಕೋಟಿ ಡಾಲರನ್ನು ಕೊಟ್ಟಿತು. ಆ ಹಣದಲ್ಲಿ ಅರಬ್ಬೀ ಭಾಷೆಯ ಬೊಂಬೆಯಾಟದ ಕಾರ್ಯಕ್ರಮವೊಂದು ತಯಾರಾಯಿತು. ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಯುದ್ಧದಲ್ಲಿ ಬೆದರಿದ ಕೂಸುಗಳೊಡನೆ ಆಡುವ ಬಗೆಯನ್ನು ತಾಯಂದಿರಿಗೆ ತಿಳಿಸಿಕೊಟ್ಟರು.

ಸಂಕಟವು ದೂರದ ಸಿರಿಯಾದಲ್ಲಿಯೇ ಇರಬೇಕಾಗಿಲ್ಲ. 2020ರ ಮೇ ತಿಂಗಳಲ್ಲಿ ಕೊರೋನಾ ದಿಗ್ಬಂಧನದ ನಡುವೆ ಬಿಹಾರ, ಒಡಿಶಾ ಕಡೆಯ ಕೂಲಿಕಾರರನ್ನು ತುಂಬಿಕೊಂಡು ವಿಶೇಷ ರೈಲುಗಳು ಹೊರಟದ್ದು ಇಲ್ಲೇ ಪಕ್ಕದ ಚಿಕ್ಕಬಾಣಾವರ ನಿಲ್ದಾಣದಿಂದ. ತಲೆಯ ಮೇಲೆ ಗಂಟು, ಸೊಂಟದಲ್ಲಿ ಕೂಸು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಡೆದುಹೋದ ತಾಯಂದಿರು ಪೀಣ್ಯದಲ್ಲಿಯೂ ಜಾಲಹಳ್ಳಿಯಲ್ಲಿಯೂ ನಮ್ಮ ನಡುವೆ ವರ್ಷಗಟ್ಟಲೆ ಇದ್ದವರು. ಅಷ್ಟು ಕೂಸುಗಳು ನಮ್ಮ ಸುತ್ತ ಇದ್ದುವೆಂಬುದು ಅವು ಹೊರಟುಹೋಗುವಾಗಲೇ ನಮ್ಮ ಊರಿನ ಕಣ್ಣಿಗೆ ಬಿದ್ದಿತು. ಅವರಲ್ಲಿ ಬಹುಮಂದಿ ತಿರುಗಿ ಬಂದಿದ್ದಾರೆ. ಅವರೊಡನೆ ರಾಯಚೂರು, ಕಲಬುರಗಿ, ಯಾದಗಿರಿ ಕಡೆಯವರೂ ಇದ್ದಾರೆ.

ಮನೆಗಳನ್ನು ಆಶೀರ್ವದಿಸಲು ಹೋದಾಗ ಗುರುಗಳ ಕಣ್ಣಿಗೆ ಬೀಳುವುದೊಂದು ನೋಟವುಂಟು. ತಾಯಿ ಗಾರ್ಮೆಂಟ್ಸಿಗೆ ಹೋಗಿದ್ದಾಳೆ, ಇಲ್ಲವೆ ನಾಲ್ಕು ಮನೆಯ ಪಾತ್ರೆ ತೊಳೆಯಲು ಹೋಗಿದ್ದಾಳೆ. ಎಂಟು ತಿಂಗಳ ಕೂಸು ಏಳು ವರ್ಷದ ಅಕ್ಕನ ಕಂಕುಳಲ್ಲಿದೆ. ಅಕ್ಕ ಆ ಹೊತ್ತಿಗೆ ಶಾಲೆಯಲ್ಲಿರಬೇಕಾಗಿತ್ತು. ಕೂಸಿನ ಕೈಯಲ್ಲಿ ಬಿಸ್ಕತ್ತು, ಅದೇ ಅದರ ಮಧ್ಯಾಹ್ನದ ಊಟ. ಅಂಗನವಾಡಿ ಹತ್ತಿರದಲ್ಲೇ ಇದೆ. ಆದರೆ ಅಲ್ಲಿ ದಿನವೂ ಕೂರಿಸಿಕೊಳ್ಳುವುದು ಮೂರು ದಾಟಿದವರನ್ನು. ಅದಕ್ಕಿಂತ ಚಿಕ್ಕದಕ್ಕೆ ಪೌಷ್ಟಿಕ ಆಹಾರದ ಪೊಟ್ಟಣವನ್ನು ಮನೆಗೆ ಕೊಡುತ್ತಾರೆ. ಪೊಟ್ಟಣವನ್ನು ಕಲಸಿ ತಿನ್ನಿಸುವವರು ಮನೆಯಲ್ಲಿರಬೇಕಷ್ಟೆ? ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹವಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯೂ, ಕಟ್ಟಡದ ಕೆಲಸದಲ್ಲಿ ಐವತ್ತಕ್ಕಿಂತ ಹೆಚ್ಚಿದ್ದಲ್ಲಿ ಇರಬೇಕೆಂದು 1996ರ ಕಾಯಿದೆಯೂ ಹೇಳಿದ್ದವು. ಪಾತ್ರೆ ತೊಳೆಯುವವಳು ಯಾವ ಮೂವತ್ತರಲ್ಲಿಯೂ ಐವತ್ತರಲ್ಲಿಯೂ ಒಬ್ಬಳಾಗಿ ಎಣಿಕೆಗೆ ಬರುವವಳಲ್ಲ. ರಾಜ್ಯ ಸರಕಾರ 2023ರಲ್ಲಿ ಘೋಷಿಸಿದ 'ಕೂಸಿನ ಮನೆ' ಒಳ್ಳೆಯ ಯೋಜನೆ. ಅದು ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳನ್ನು ಉದ್ದೇಶಿಸಿದ್ದು, ಜಾಲಹಳ್ಳಿಯಾದರೋ ಗ್ರಾಮವಾಗಿ ಉಳಿದಿಲ್ಲ. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವು. ಬಿಸ್ಕತ್ತು ಹಿಡಿದ ಕೂಸುಗಳು ಆ ಲೆಕ್ಕದೊಳಗಿನವು.

ಹೊರಗಿನ ನೆರವು ಮತ್ತೆ ಬಂದೀತೇ ಎಂದು ಕೇಳಬಹುದು. ಎಣ್ಣೆಡಬ್ಬದ ಮೇಲೆ ಕೈಕುಲುಕುವ ಚಿತ್ರವಿತ್ತಲ್ಲ, ಆ ಅಮೆರಿಕನ್ ನೆರವು ಸಂಸ್ಥೆಯ ಕಾರ್ಯವನ್ನೇ ಅಲ್ಲಿಯ ಸರಕಾರ 2025ರ ಜುಲೈ 1ರಿಂದ ನಿಲ್ಲಿಸಿ, ಉಳಿದುದನ್ನು ತನ್ನ ವಿದೇಶಾಂಗ ಇಲಾಖೆಗೆ ಸೇರಿಸಿತು. ಆಫ್ರಿಕದ ಎಷ್ಟೋ ಶಿಬಿರಗಳಲ್ಲಿ ಅದರಿಂದಾದ ಕಷ್ಟ ಹೇಳತೀರದು. ನಮ್ಮಲ್ಲಿ ಅಂಥ ಕಷ್ಟ ತಲೆದೋರದಿದ್ದುದಕ್ಕೆ ಕಾರಣ, ಮೂಟೆ ಬರುತ್ತಿದ್ದ ಕಾಲದಲ್ಲೇ ನಮ್ಮವರು ಕೆಲಸವನ್ನು ಕಲಿತು ಕೈಗೆ ತೆಗೆದುಕೊಂಡದ್ದು. ಎಚ್.ಎಂ.ಟಿ. ಕಾರ್ಖಾನೆಯಲ್ಲಿ ದುಡಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನವರು ಬಂದು ಯಂತ್ರ ಕೂಡಿಸಿ ಕಲಿಸಿ ಹೊರಟುಹೋದರು. ಲೇತು ತಿರುಗಿಸಿದ್ದು ಜಾಲಹಳ್ಳಿಯ ಕೈ.

ಇನ್ನು ಆರಂಭದಲ್ಲಿ ಹೇಳುತ್ತೇವೆಂದ ಕಾರಣ. ಶತಮಾನೋತ್ಸವದ ನಿಧಿಯಲ್ಲಿ ಖರ್ಚು ಕಳೆದು ಮೊತ್ತವೊಂದು ಉಳಿಯುತ್ತದೆಂದು ಖಜಾಂಚಿಗಳು ತಿಳಿಸಿದ್ದಾರೆ. ಹೆಬ್ಬಾಗಿಲಿಗೆ ಗ್ರಾನೈಟಿನ ಕಮಾನು ಕಟ್ಟಿಸಬೇಕೆಂದು ಬಹುಮಂದಿಯ ಆಸೆ, ಅದರ ನಕ್ಷೆಯನ್ನೂ ನಾವು ನೋಡಿದ್ದೇವೆ, ಸುಂದರವಾಗಿದೆ. ನಮ್ಮ ಪ್ರಾರ್ಥನೆ ಬೇರೆ. ದೇವಾಲಯದ ಹಿಂದಿರುವ ಹಳೆಯ ಜ್ಞಾನೋಪದೇಶದ ಕೊಠಡಿ ಭಾನುವಾರ ಬಿಟ್ಟರೆ ಆರು ದಿನ ಬೀಗ ಹಾಕಿಕೊಂಡಿರುತ್ತದೆ. ಅದನ್ನು ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸುಗಳ ಶಿಶುಗೃಹವನ್ನಾಗಿ ಮಾಡಬೇಕೆಂದು ನಾವು ಕೋರುತ್ತೇವೆ. ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆಯವರೆಗೆ ತೆರೆದಿರಬೇಕು. ಗಾರ್ಮೆಂಟ್ಸಿನ ಪಾಳಿ ಬಿಡುವ ಮೊದಲೇ ಮುಚ್ಚುವ ಶಿಶುಗೃಹದಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ಮತದ ಕೂಸಾದರೂ ಸರಿ. ಧಾತು ಈಶ್ವರದ ಕಾಲದ ಆಕ್ಷೇಪಣೆಗೆ ಎಡೆಯಿರಬಾರದಾದ್ದರಿಂದ ಅಲ್ಲಿ ಜ್ಞಾನೋಪದೇಶವೂ ಬೇಡ. ರಾಗಿ ಸರಿ, ಬೇಳೆಗಂಜಿ, ಮೊಟ್ಟೆ, ಹಾಲು, ಮಲಗಲು ಹೊದಿಕೆ, ಹತ್ತು ಕೂಸುಗಳಿಗೆ ಇಬ್ಬರು ಹೆಂಗಸರು ಬೇಕು. ಆ ಹೆಂಗಸರಿಗೆ ಗೌರವಧನವಲ್ಲ, ಸಂಬಳ ಕೊಡಬೇಕು.

ದೆಹಲಿಯಲ್ಲಿ 1969ರಲ್ಲಿ ಗಾಂಧೀಜಿಯ ಜನ್ಮಶತಾಬ್ದಿಗಾಗಿ ರಾಜಘಾಟಿನ ಬಳಿ ಮಂಟಪ ಕಟ್ಟುತ್ತಿದ್ದಾಗ, ಕೂಲಿ ಹೆಂಗಸರ ಕೂಸುಗಳು ಧೂಳಿನಲ್ಲಿ ಬಿದ್ದಿದ್ದುದನ್ನು ಮೀರಾ ಮಹಾದೇವನ್ ಎಂಬವರು ಕಂಡರು. ಅಲ್ಲಿಯೇ ಒಂದು ಗುಡಾರ ಹಾಕಿ ಆ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿದರು. ಕಟ್ಟಡದಿಂದ ಕಟ್ಟಡಕ್ಕೆ ತಿರುಗುವ 'ಮೊಬೈಲ್ ಕ್ರೆಶ್' ಸಂಸ್ಥೆ ಆ ಗುಡಾರದಿಂದಲೇ ಬೆಳೆಯಿತು. ಅದೂ ಒಂದು ಶತಮಾನೋತ್ಸವವೇ ಆಗಿತ್ತು.

ಈ ವಿಚಾರವನ್ನು ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಪಾಲನಾ ಸಮಿತಿಯ ಮುಂದಿಡುತ್ತೇವೆ. ಕಮಾನಿನ ಪರವಾಗಿರುವವರು ತಪ್ಪದೆ ಬರಬೇಕು. ನಮ್ಮ ತಾಯಂದಿರೂ ಬಂದು ಮಾತನಾಡಬೇಕು. ಈ ಲೆಕ್ಕವನ್ನು ಗಂಡಸರಿಗಿಂತ ಅವರೇ ಚೆನ್ನಾಗಿ ಬಲ್ಲರು. ಕೊಠಡಿಯನ್ನು ನೋಡಬಯಸುವವರಿಗೆ ಬೀಗದ ಕೈ ಗುರುಮಠದಲ್ಲಿದೆ, ಸಂಜೆ ಐದರ ಮೇಲೆ ಬರಬಹುದು. ಹೆಂಚು ಎರಡು ಕಡೆ ಒಡೆದಿದೆ. ನೆಲ ಗಟ್ಟಿಯಾಗಿದೆ, ಕಿಟಕಿಗಳು ಪೂರ್ವಕ್ಕಿವೆ, ಬಾವಿಯ ಕಡೆಗೆ ಮಾತ್ರ ಒಂದು ಬೇಲಿ ಹಾಕಿಸಬೇಕಾಗುತ್ತದೆ.